ಹಳೆ ಗೇರ್ ಸೈಕಲ್‌ನಲ್ಲಿ ಕಲಬುರಗಿಯಿಂದ ಬೀದರ್: ಮೊದಲು ಏನು ಬದಲಿಸಬೇಕು?

ಬಿಸಿಲೂರ ಸವಾರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕಾಲೇಜಿನ ಕಾಲದ ಗೇರ್ ಸೈಕಲ್ ಇದೆ. 26 ಇಂಚಿನ ಗಾಲಿ, ಮುಂದೆ ಸಸ್ಪೆನ್ಷನ್, ಗಂಟು ಗಂಟಾಗಿರುವ ದಪ್ಪ ಟೈರು, ಮುಂದೆ 3 ಹಿಂದೆ 7 ಗೇರು. ರಿಂಗ್ ರೋಡ್ ಸುತ್ತೋಕೆ, ಬುದ್ಧ ವಿಹಾರದವರೆಗೆ ಹೋಗಿ ಬರೋಕೆ ಏನೂ ತೊಂದರೆ ಇಲ್ಲ. ಎರಡು ತಾಸು ದಾಟಿದರೆ ಮಾತ್ರ ಕಾಟ ಶುರು. ಎಡಗೈ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತವೆ. ಕೂಡುವ ಜಾಗ ಉರಿಯುತ್ತದೆ. ಮೊಣಕಾಲಿನ ಚಿಪ್ಪಿನ ಕೆಳಗೆ ನೋವು ಬೇರೆ.

ದೀಪಾವಳಿ ಮುಗಿದ ಮೇಲೆ ಹುಮನಾಬಾದ್ ಮೇಲಿಂದ ಬೀದರ್‌ಗೆ ಹೋಗಬೇಕು ಅಂತ ಆಸೆ. ಸುಮಾರು 110 ಕಿ.ಮೀ. ಅಂಗಡಿಯೊಂದರಲ್ಲಿ ಕೇಳಿದರೆ ಸೈಕಲ್ ಮುಟ್ಟಿಯೂ ನೋಡದೆ "ಇದನ್ನ ಮಾರಿ ಹೈಬ್ರಿಡ್ ಸೈಕಲ್ ತಗೊಳ್ಳಿ" ಅಂದರು. ಅಷ್ಟು ದುಡ್ಡು ಸದ್ಯಕ್ಕಿಲ್ಲ. ನಾಲ್ಕೈದು ಸಾವಿರದೊಳಗೆ ಇದನ್ನೇ ತಯಾರು ಮಾಡಬಹುದಾ? ಮೊದಲು ಸೀಟು ಬದಲಿಸಲೋ, ಟೈರು ಬದಲಿಸಲೋ? ಜೆಲ್ ಸೀಟ್ ಕವರ್ ಒಂದು ನೋಡಿಟ್ಟಿದ್ದೇನೆ.

ಗಾಲಿ ಮಿಸ್ತ್ರಿ, ಶಹಾಬಾದ್

ತಮ್ಮಾ, ಕವರ್ ತಗೋಬೇಡ. ಇನ್ನೂ ಏನೂ ತಗೋಬೇಡ. ನೀನು ಹೇಳಿದ ಮೂರೂ ನೋವಿಗೆ ಹೆಚ್ಚಾಗಿ ಒಂದೇ ಬೇರು: ಸೀಟು ಕೆಳಗಿದೆ, ಮೂತಿ ತಗ್ಗಿದೆ, ಹ್ಯಾಂಡಲ್ ಇನ್ನೂ ಕೆಳಗಿದೆ. ಸೀಟಿನ ಮೂತಿ ಮುಂದಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ. ಜಾರದಂತೆ ತಡೆಯುವುದು ಅಂಗೈ. ಅಂಗೈಯ ಹೊರ ಅಂಚಿನಲ್ಲಿ ಒಂದು ನರ ಹೋಗುತ್ತದೆ, ಅದು ಒತ್ತಿದರೆ ಕಿರುಬೆರಳು, ಉಂಗುರ ಬೆರಳಿಗೇ ಜೋಮು ಬರುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿದ್ದರೆ ಅದು ಬೇರೆ ನರ, ಮಣಿಕಟ್ಟು ಬಾಗಿದ್ದಕ್ಕೆ ಆಗುವುದು. ಮೊಣಕಾಲಿನ ಮುಂದೆ ನೋವು ಅಂದರೆ ಸೀಟು ತಗ್ಗು. ಹಿಂದೆ, ಮಡಿಕೆಯಲ್ಲಿ ನೋವು ಬಂದಿದ್ದರೆ ಸೀಟು ಎತ್ತರ ಅಂತಿದ್ದೆ.

ಈಗ ಹೀಗೆ ಮಾಡು. ಸೈಕಲ್ ಗೋಡೆಗೆ ತಾಗಿಸಿ ನಿಲ್ಲಿಸು. ಸೈಕಲ್ ಹೊಡೆಯುವಾಗ ಹಾಕುವ ಬೂಟೇ ಹಾಕಿಕೋ. ಸೀಟಿನ ಮೇಲೆ ಕೂತು ಒಂದು ಪೆಡಲ್ ಪೂರಾ ಕೆಳಗೆ ಬರಲಿ, ಅದರ ಮೇಲೆ ಹಿಮ್ಮಡಿ ಇಡು. ಕಾಲು ಸೆಟೆದು ನೇರ ಆಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಹಾಗಾದರೆ ಸೀಟು ಬರೋಬ್ಬರಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತದೆ, ಮೊಣಕಾಲಿಗೆ ಬೇಕಾದ ಸಣ್ಣ ಬಾಗು ತಾನೇ ಬರುತ್ತದೆ.

ಲೆಕ್ಕ ಬೇಕು ಅಂದರೆ ಇನ್ನೊಂದು ದಾರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ದಪ್ಪ ಪುಸ್ತಕ ಒಂದನ್ನ ತೊಡೆ ಸಂದಿಗೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳತೆ ತೆಗೆ. ಅದನ್ನ 0.883ರಿಂದ ಗುಣಿಸು. 80 ಸೆಂ.ಮೀ ಬಂದರೆ 70.6. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ತಿರುಗುವ ನಡುಭಾಗದಿಂದ ಸೀಟಿನ ಮೇಲ್ಮೈಗೆ ಅಷ್ಟು ದೂರ. ಎರಡೂ ಅಳತೆ ಅರ್ಧ ಸೆಂ.ಮೀ ಆಚೆ ಈಚೆ ಬಂದರೆ ತಲೆ ಕೆಡಿಸಿಕೋಬೇಡ. ಸೀಟ್ ಪೈಪಿನ ಮೇಲೆ ಇಲ್ಲಿಗಿಂತ ಮೇಲೆ ಎಳೆಯಬೇಡಿ ಅನ್ನುವ ಗೆರೆ ಇರುತ್ತದೆ. ಅದು ಹೊರಗೆ ಕಂಡರೆ ಉದ್ದ ಪೈಪು ಹಾಕಿಸಬೇಕು. ಪೈಪಿನ ಮೇಲೇ 25.4 ಅಥವಾ 27.2 ಅಂತ ಕೊರೆದಿರುತ್ತಾರೆ, ಅದೇ ದಪ್ಪದ್ದು ತರಬೇಕು. ಅಂದಾಜಿಗೆ ತಂದರೆ ಕೂಡುವುದಿಲ್ಲ.

ಸೀಟಿನ ಮೇಲೆ ನೀರುಮಟ್ಟ ಇಟ್ಟು ಸಪಾಟು ಮಾಡು. ಇಷ್ಟು ಮಾಡಿ ಒಂದು ಸವಾರಿ ಹೋಗಿ ಬಾ, ಆಮೇಲೆ ಮಾತಾಡೋಣ. ಸೀಟು ಒಂದೇ ಸಲ ಜಾಸ್ತಿ ಏರಿಸಬೇಕಾದರೆ ಎರಡು ಮೂರು ಕಂತಿನಲ್ಲಿ ಏರಿಸು, ಮೈಗೆ ರೂಢಿ ಆಗಲಿ.

ಕೋಟೆ ಗಾಳಿ, ಬೀದರ್

ಮಿಸ್ತ್ರಿಯವರ ಮಾತಿಗೆ ನನ್ನದೂ ಹೂಂ. ಆದರೆ ಟೈರಿನ ಕೆಲಸ ಮುಂದೂಡಬೇಡಿ. ಡಾಂಬರಿನ ಮೇಲೆ ಗಂಟು ಟೈರು ಗುಂಯ್ ಅನ್ನುತ್ತಾ ಶಕ್ತಿ ತಿನ್ನುತ್ತದೆ. 26 × 1.5 ಅಥವಾ 1.75, ನುಣುಪು ಮೈಯದ್ದು ಹಾಕಿಸಿ. ನಾಲ್ಕೈದು ಸಾವಿರದಲ್ಲಿ ಎಲ್ಲಕ್ಕಿಂತ ಜಾಸ್ತಿ ಫರಕ್ ಗೊತ್ತಾಗುವುದು ಇದರಲ್ಲೇ.

ಕೊಳ್ಳುವಾಗ ಒಂದು ಎಚ್ಚರಿಕೆ. ಅಂಗಡಿಯಲ್ಲಿ "26ರ ಟೈರು" ಅಂದರೆ ಎರಡು ಬೇರೆ ಬೇರೆ ಟೈರು. ನಿಮ್ಮ ಗೇರ್ ಸೈಕಲ್‌ನದ್ದು ರಿಮ್ಮಿನ ಲೆಕ್ಕದಲ್ಲಿ 559 ಮಿ.ಮೀ. 26 × 1⅜ ಅಂತ ಬರೆದಿರುವ ಟೈರಿನದ್ದು 590. ಒಂದು ಇನ್ನೊಂದಕ್ಕೆ ಏನು ಮಾಡಿದರೂ ಕೂಡುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 40-559 ಅಂತ ಏನಾದರೂ ಇರುತ್ತದೆ, ಆ ಎರಡನೇ ಸಂಖ್ಯೆ ನೋಡಿ ತಗೊಳ್ಳಿ.

ಹವಾ ಕಲ್ಲಿನಂತೆ ತುಂಬಿಸಬೇಡಿ. ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡೂ ಬರೆದಿರುತ್ತಾರೆ. ಗರಿಷ್ಠಕ್ಕೆ ಮುಟ್ಟಿಸಿದರೆ ರಸ್ತೆಯ ಪ್ರತಿ ಹರಳೂ ಸೊಂಟಕ್ಕೆ ಗೊತ್ತಾಗುತ್ತದೆ. 1.5 ಟೈರಿಗೆ, 70 ಕೆ.ಜಿ ಆಳಿಗೆ 50ರಿಂದ 60 ಪಿಎಸ್ಐ ಸಾಕು. ಹಿಂದಿನ ಗಾಲಿಗೆ ಸ್ವಲ್ಪ ಜಾಸ್ತಿ, ಮುಂದಿನದಕ್ಕೆ ಸ್ವಲ್ಪ ಕಮ್ಮಿ.

ಇನ್ನು ಆ ಮುಂದಿನ ಸಸ್ಪೆನ್ಷನ್. ಕಿತ್ತು ಬಿಸಾಕಿ, ಸಾದಾ ಫೋರ್ಕ್ (ಮುಂದಿನ ಗಾಲಿ ಹಿಡಿಯುವ ಕವಲು) ಹಾಕಿಸಿ. ಅಗ್ಗದ ಸಸ್ಪೆನ್ಷನ್ ಎರಡೂವರೆ ಕೆ.ಜಿ ತೂಗುತ್ತದೆ. ಏರಿನಲ್ಲಿ ನಿಂತು ತುಳಿದರೆ ಒಂದಷ್ಟು ಶಕ್ತಿ ಅದರ ಸ್ಪ್ರಿಂಗಿಗೇ ಹೋಗುತ್ತದೆ.

ಗಾಲಿ ಮಿಸ್ತ್ರಿ, ಶಹಾಬಾದ್

ಬೀದರ್ ಅಣ್ಣಾವ್ರೇ, ಟೈರಿನ ಮಾತು ಖರೆ. ಫೋರ್ಕಿನ ಮಾತು ಅಷ್ಟು ಸಲೀಸಲ್ಲ. ಸಸ್ಪೆನ್ಷನ್ ಫೋರ್ಕ್ ಉದ್ದ ಇರುತ್ತದೆ. ಅದರ ಜಾಗಕ್ಕೆ ಸಾದಾ ಸೈಕಲ್ಲಿನ ಗಿಡ್ಡ ಫೋರ್ಕ್ ಹಾಕಿದರೆ ಸೈಕಲ್ ಮೂತಿ ಬೀಳುತ್ತದೆ. ಹ್ಯಾಂಡಲ್ ಇನ್ನೂ ಕೆಳಗೆ ಹೋಗುತ್ತದೆ, ತಿರುವು ಚಂಚಲ ಆಗುತ್ತದೆ. ಹುಡುಗನ ಕೈ ಜೋಮಿಗೆ ಅದು ಉಲ್ಟಾ ಔಷಧ. ಹಾಕುವುದೇ ಆದರೆ ಸಸ್ಪೆನ್ಷನ್ ಜಾಗಕ್ಕೆ ಅಂತಲೇ ಉದ್ದ ಮಾಡಿರುವ ಸಾದಾ ಫೋರ್ಕ್ ಹುಡುಕಬೇಕು, ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಈ ಬಜೆಟ್ಟಿಗೆ ಅದು ಬೇಡ.

ಕೋಟೆ ಗಾಳಿ, ಬೀದರ್

ಸಿಗುವುದಿಲ್ಲ ಅನ್ನುವುದು ಒಪ್ಪಿದೆ. ಬೇಡ ಅನ್ನುವುದು ಒಪ್ಪಿಲ್ಲ.

ಭೀಮಾ ತೀರ, ಯಾದಗಿರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಳಗ್ಗೆ ಶಹಾಪುರ ರಸ್ತೆಯಲ್ಲಿ ಭೀಮಾ ಸೇತುವೆ ದಾಟಿ ದೂರ ಹೋಗಿ ಬರುತ್ತೇನೆ. ನನ್ನದು ಹೆಂಗಸರ ಸೈಕಲ್, ನೆಟ್ಟಗೆ ಕೂಡುವ ಥರದ್ದು. ಸೀಟಿನ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ, ಅಲ್ವಾ? ನನಗೂ ಅಂಗಡಿಯಲ್ಲಿ ಮೆತ್ತನೆ ಸೀಟೇ ಕೊಟ್ಟರು. ಮೊದಲ ಅರ್ಧ ತಾಸು ಸುಖ, ಆಮೇಲೆ ಉರಿ. ಮನೆಯಲ್ಲಿ ಹೇಳಿದರೆ "ಸ್ಕೂಟಿ ತಗೋ" ಅಂತಾರೆ.

ಗಾಲಿ ಮಿಸ್ತ್ರಿ, ಶಹಾಬಾದ್

ಅಕ್ಕಾ, ಕೂತಾಗ ಭಾರ ಬೀಳಬೇಕಾದದ್ದು ಕೆಳಗಿನ ಎರಡು ಮೂಳೆಗಳ ಮೇಲೆ. ಮೆತ್ತನೆ ಸೀಟಿನಲ್ಲಿ ಆ ಮೂಳೆಗಳು ಒಳಗೆ ಹುದುಗುತ್ತವೆ, ನಡುವಿನ ಮೆತ್ತೆ ಉಬ್ಬಿ ಸೂಕ್ಷ್ಮ ಜಾಗವನ್ನು ಒತ್ತುತ್ತದೆ. ಮೊದಲು ಹಿತ, ಆಮೇಲೆ ನರಕ. ಅದಕ್ಕೇ ದೂರದ ಸವಾರಿಗೆ ಸ್ವಲ್ಪ ಗಟ್ಟಿ ಸೀಟೇ ಬೇಕು. ಅಗಲ ಮಾತ್ರ ಮೂಳೆಗೆ ಸರಿ ಹೊಂದಬೇಕು. ಹೆಂಗಸರಿಗೆ ಸಾಮಾನ್ಯವಾಗಿ ಆ ಮೂಳೆಗಳ ಅಂತರ ಜಾಸ್ತಿ, ಅಗಲ ಸೀಟು ಬೇಕಾಗುತ್ತದೆ.

ಅಳತೆ ಮನೆಯಲ್ಲೇ ತೆಗೆಯಬಹುದು. ಕಟ್ಟೆ ಮೇಲೆ ಒಂದು ರಟ್ಟು ಇಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಮೊಣಕಾಲು ಸ್ವಲ್ಪ ಎತ್ತಿ. ಎದ್ದು ನೋಡಿದರೆ ಎರಡು ತಗ್ಗು ಕಾಣುತ್ತವೆ. ನಡುವಿನ ದೂರಕ್ಕೆ ಎರಡು ಮೂರು ಸೆಂ.ಮೀ ಸೇರಿಸಿದರೆ ಸೀಟಿನ ಅಗಲದ ಅಂದಾಜು ಸಿಗುತ್ತದೆ.

ನಿಮ್ಮ ಹಾಗೆ ನೆಟ್ಟಗೆ ಕೂಡುವವರಿಗೆ ಪೂರಾ ಭಾರ ಸೀಟಿನ ಮೇಲೇ. ಹಾಗಾಗಿ ಅಗಲ ಸೀಟು, ಕೆಳಗೆ ಸ್ಪ್ರಿಂಗ್ ಇದ್ದರೆ ಒಳ್ಳೆಯದೇ. ಮುಂದಕ್ಕೆ ಬಾಗಿ ಹೊಡೆಯುವವರಿಗೆ ಅದೇ ಅಗಲ ತೊಡೆಗೆ ಉಜ್ಜುತ್ತದೆ.

ಕೋಟೆ ಗಾಳಿ, ಬೀದರ್

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಸೀಟ್ ಕವರ್‌ಗಿಂತ ಎಷ್ಟೋ ಮೇಲು. ಒಳಗೆ ಬೇರೆ ಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಉಜ್ಜಿ ಗಾಯ ಮಾಡುತ್ತದೆ. ಮೇಲೆ ಸಡಿಲ ಪ್ಯಾಂಟ್, ಸಲ್ವಾರ್ ಏನು ಬೇಕಾದರೂ ಹಾಕಬಹುದು. ಮತ್ತೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ನಾಲ್ಕು ತುಳಿತ ಹೊಡೆಯಬೇಕು. ಇದಕ್ಕೆ ದುಡ್ಡು ಬೇಡ.

ಭೀಮಾ ತೀರ, ಯಾದಗಿರಿ

ರಟ್ಟಿನ ಉಪಾಯ ಚೆನ್ನಾಗಿದೆ. ಮನೆಯವರೆಲ್ಲ ಸಾಲಾಗಿ ಕೂತು ನೋಡಿದರು. ಈಗಿನ ಸೀಟು ನನ್ನ ಅಳತೆಗೆ ಸಣ್ಣದೇ ಇದೆ. ಬದಲಿಸುತ್ತೇನೆ.

ಅಪ್ಪನ ಅಟ್ಲಾಸ್, ಸೇಡಂ

ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ. ಮನೆಯಲ್ಲಿ ಅಪ್ಪನ ಕಾಲದ 28ರ ದೊಡ್ಡ ಸೈಕಲ್ ಇದೆ. ರಾಡ್ ಬ್ರೇಕು, ಚರ್ಮದ ಸೀಟು. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ, ಅದೂ ವಿಶ್ವ ಸೈಕಲ್ ದಿನದಂದೇ ನಿಂತು ಹೋಯಿತು. ಹಾಗಾಗಿ ಇದನ್ನ ಗುಜರಿಗೆ ಹಾಕಲು ಮನಸ್ಸಿಲ್ಲ. ಮಳಖೇಡ ಕೋಟೆಯವರೆಗೆ, ಆಮೇಲೆ ಕಲಬುರಗಿವರೆಗೆ ಇದರಲ್ಲೇ ಹೋಗುವ ಹಾಗೆ ಮಾಡಬೇಕು. ಗೇರ್ ಹಾಕಿಸಬಹುದಾ? 700ರ ಗಾಲಿ, ಕೇಬಲ್ ಬ್ರೇಕ್ ಹಾಕಿಸಿ ಅಂತ ಒಬ್ಬರು ಹೇಳಿದರು.

ಗಾಲಿ ಮಿಸ್ತ್ರಿ, ಶಹಾಬಾದ್

ಹಾಕಿಸಬಹುದು, ಒಂದರ ಹಿಂದೆ ಒಂದು ಖರ್ಚು ಬಾಲ ಹಿಡಿದು ಬರುತ್ತದೆ. ಕೇಳಿ.

ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಗೆ, ಕಡ್ಡಿಗಳ ಕಡೆಯಿಂದ ಒತ್ತುತ್ತದೆ. ಕೇಬಲ್ ಬ್ರೇಕು ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುತ್ತದೆ. ನಿಮ್ಮ ಹಳೆ ರಿಮ್ಮಿನ ಪಕ್ಕ ಗುಂಡಗೆ, ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಹಾಗಾಗಿ ಬ್ರೇಕ್ ಬದಲಿಸಿದರೆ ರಿಮ್ಮೂ ಬದಲಿಸಬೇಕು. 28 × 1½ರ ರಿಮ್ಮು 635 ಮಿ.ಮೀ, 700ರದ್ದು 622. ಗಾಲಿ ಕೂಡುತ್ತದೆ, ಆದರೆ ರಿಮ್ಮು ಆರೂವರೆ ಮಿ.ಮೀ ಕೆಳಗೆ ಹೋಗುತ್ತದೆ. ಅಷ್ಟು ಕೆಳಗೆ ಕೈ ಚಾಚುವ ಬ್ರೇಕು ಬೇಕು. ಹಿಂದೆ ಏಳೆಂಟು ಗೇರಿನ ಹಬ್ (ಗಾಲಿಯ ನಡುವಿನ ಗುಂಬ) ಅಗಲ ಇರುತ್ತದೆ, ಅದಕ್ಕೆ ಫ್ರೇಮಿನ ಹಿಂದಿನ ಬಾಯಿ ಅಗಲಿಸಬೇಕು. ಉಕ್ಕಿನ ಫ್ರೇಮು ತಡೆಯುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಆ ಕೆಲಸಕ್ಕೆ ಕೈ ಹಾಕಲೇಬಾರದು, ಬಿರುಕು ಬಿಡುತ್ತದೆ.

ನನ್ನ ಕೇಳಿದರೆ ಸೈಕಲ್ ಹಾಗೇ ಇರಲಿ, ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲಿನ ಚಕ್ರ) ಮಾತ್ರ ಬದಲಿಸಿ. ಮುಂದೆ ಚೈನ್ ವೀಲಿಗೆ 44 ಹಲ್ಲು, ಹಿಂದೆ 18 ಇದ್ದರೆ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತದೆ. ಹಿಂದೆ 22 ಹಲ್ಲಿನದ್ದು ಹಾಕಿದರೆ 4.5 ಮೀಟರ್. ಸಪಾಟು ರಸ್ತೆಯಲ್ಲಿ ಕಾಲು ಜರಾ ಜೋರಾಗಿ ಆಡಬೇಕು, ಏರಿನಲ್ಲಿ ಇಳಿದು ತಳ್ಳುವುದು ತಪ್ಪುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು, ಅಷ್ಟೇ.

ಆಮೇಲೆ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ನೋಡಿ. ತುಳಿಯುವಾಗ ಒಂದು ಕಡೆ ಟಕ್ ಅಂದರೆ ಅದೇ. ಎರಡೂ ಹೊಸದು ಹಾಕಿಸಿ. ಒಂದೇ ಹಾಕಿಸಿದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ ಕೂಡಿಸುವಾಗ ಕ್ರ್ಯಾಂಕಿನ ಕೆಳಗೆ ದಪ್ಪ ಕಬ್ಬಿಣದ ಪೈಪು ಆನಿಸಿಟ್ಟು ಸುತ್ತಿಗೆ ಹೊಡೆಯಬೇಕು. ಆಧಾರ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ ಹೋಗಿ ಬಟ್ಟಲಲ್ಲಿ ತಗ್ಗು ಬೀಳುತ್ತದೆ. ನಟ್ಟಿನಿಂದ ಎಳೆದು ಕೂಡಿಸಲು ಹೋಗಬೇಡಿ, ಥ್ರೆಡ್ ಹೋಗುತ್ತದೆ. ಹೊಡೆದು ಕೂಡಿಸಿ ಆಮೇಲೆ ನಟ್ಟು ಬಿಗಿಯುವುದು. ಸ್ವಲ್ಪ ದೂರ ಹೊಡೆದು ಬಂದು ಮತ್ತೊಮ್ಮೆ ಬಿಗಿಯಿರಿ.

ಅಪ್ಪನ ಅಟ್ಲಾಸ್, ಸೇಡಂ

ಗೇರ್ ಯೋಚನೆ ಬಿಟ್ಟೆ. ಫ್ರೀವೀಲ್, ಪಿನ್, ಹೊಸ ಬ್ರೇಕ್ ರಬ್ಬರ್. ಚೈನಿಗೆ ಕರಿ ಆಯಿಲ್ ಹಾಕಲಾ? ಇಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ.

ಗಾಲಿ ಮಿಸ್ತ್ರಿ, ಶಹಾಬಾದ್

ನಿಮ್ಮಲ್ಲೂ ನಮ್ಮಲ್ಲೂ ಸಿಮೆಂಟ್ ಧೂಳು. ಎಂಜಿನ್ನಿಂದ ತೆಗೆದ ಕರಿ ಆಯಿಲ್‌ಗೆ ಅದು ಅಂಟಿದರೆ ಅರೆಯುವ ಮಸಾಲೆ ಆಗುತ್ತದೆ. ತೆಳು ಆಯಿಲ್ ಕೊಂಡಿಗೊಂದು ಹನಿ ಬಿಟ್ಟು, ಹೊರಗಿನದ್ದೆಲ್ಲ ಬಟ್ಟೆಯಿಂದ ಒರೆಸಿ. ಚೈನ್ ಸವೆದಿದೆಯಾ ಅಂತ ಸ್ಕೇಲಿನಲ್ಲೇ ಗೊತ್ತಾಗುತ್ತದೆ. ಹೊಸ ಚೈನಿನಲ್ಲಿ 24 ಪಿನ್ನಿನ ಅಂತರ ಬರೋಬ್ಬರಿ 12 ಇಂಚು. ಅದು 12 ಇಂಚು ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ದಾಟಿದ್ದರೆ ಚೈನ್ ಮುಗಿಯಿತು, ಹಲ್ಲುಗಳನ್ನೂ ತಿನ್ನುತ್ತಿರುತ್ತದೆ.

ಬಿಸಿಲೂರ ಸವಾರ, ಕಲಬುರಗಿ

ವರದಿ ಒಪ್ಪಿಸುತ್ತಿದ್ದೇನೆ. ಹಿಮ್ಮಡಿ ಲೆಕ್ಕದಲ್ಲಿ ಸೀಟು ಮೂರು ಬೆರಳು ಮೇಲೆ ಹೋಯಿತು. ಮೂತಿ ಸಪಾಟಾಯಿತು. ಟೈರು 1.5 ಹಾಕಿಸಿದೆ. ನಿನ್ನೆ ಕಮಲಾಪುರದವರೆಗೆ ಹೋಗಿ ಕೆಂಪು ಬಾಳೆಹಣ್ಣು ತಿಂದು ಬಂದೆ. ಮೊಣಕಾಲು ನೋವಿಲ್ಲ. ಸೀಟಿನ ಉರಿ ಅರ್ಧಕ್ಕರ್ಧ ಕಮ್ಮಿ. ಕೈ ಜೋಮು ಮಾತ್ರ ತಡವಾಗಿಯಾದರೂ ಬರುತ್ತಿದೆ. ಸೀಟು ಮೇಲೆ ಹೋದ ಮೇಲೆ ಹ್ಯಾಂಡಲ್ ಈಗ ತುಂಬ ಕೆಳಗೆ ಅನಿಸುತ್ತಿದೆ.

ಗಾಲಿ ಮಿಸ್ತ್ರಿ, ಶಹಾಬಾದ್

ಹಾಗೇ ಆಗಬೇಕು. ಈಗ ಹ್ಯಾಂಡಲ್ ಸರದಿ. ಹ್ಯಾಂಡಲ್ ಪೈಪು ಹೆಡ್‌ನೊಳಗೆ ಇಳಿದು ಮೇಲೆ ಒಂದೇ ಬೋಲ್ಟ್ ಇದೆಯಾ? ಹಾಗಿದ್ದರೆ ಅದನ್ನ ನಾಲ್ಕೈದು ಸುತ್ತು ಸಡಿಲಿಸು, ಪೂರಾ ತೆಗೆಯಬೇಡ. ಬೋಲ್ಟ್ ತಲೆ ಮೇಲೆ ಕಟ್ಟಿಗೆ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಹಾಕು. ಒಳಗಿನ ಬೆಣೆ ಕಳಚಿ ಬೀಳುತ್ತದೆ. ಆಮೇಲೆ ಹ್ಯಾಂಡಲ್ ತಿರುವುತ್ತಾ ಎತ್ತಿದರೆ ಬರುತ್ತದೆ. ಇದಕ್ಕೂ ಗೆರೆ ಇರುತ್ತದೆ, ದಾಟಿಸಬೇಡ. ಸೀಟಿನ ಮಟ್ಟಕ್ಕೆ ಅಥವಾ ಒಂದು ಬೆರಳು ಮೇಲೆ ಬರಲಿ. ಬಿಗಿದ ಮೇಲೆ ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಿ ಬ್ರೇಕ್, ಗೇರ್ ಕೇಬಲ್ ಎಳೆಯುತ್ತಿಲ್ಲವಾ ನೋಡು. ಮುಂದಿನ ಗಾಲಿ ಕಾಲ ನಡುವೆ ಹಿಡಿದು ಹ್ಯಾಂಡಲ್ ಜೋರಾಗಿ ತಿರುವು. ಜಾರಬಾರದು.

ಅಲೆನ್ ಬೋಲ್ಟ್ ಪಕ್ಕದಲ್ಲಿದ್ದು ಮೇಲೆ ಮುಚ್ಚಳ ಇರುವ ಹೊಸ ಥರದ್ದಾದರೆ ಹೀಗೆ ಎತ್ತಲು ಆಗದು. ಮೇಲ್ಮುಖ ಬಾಗಿದ ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಅಥವಾ ಹ್ಯಾಂಡಲ್ ರೈಸರ್ ಹಾಕಬೇಕು.

ಕೋಟೆ ಗಾಳಿ, ಬೀದರ್

ಜೊತೆಗೆ ಹ್ಯಾಂಡಲ್ ತುದಿಗೆ ಬಾರ್ ಎಂಡ್ (ಮುಂದಕ್ಕೆ ಚಾಚುವ ಸಣ್ಣ ಕೊಂಬು) ಹಾಕಿಸಿ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಒಂದೇ ಜಾಗ, ದಿನವಿಡೀ ನರದ ಮೇಲೆ ಒಂದೇ ಕಡೆ ಒತ್ತಡ. ಬಾರ್ ಎಂಡ್ ಇದ್ದರೆ ಅಂಗೈ ಒಳಮುಖ ಮಾಡಿ ಹಿಡಿಯಬಹುದು. ಸ್ಪಂಜು ಗ್ರಿಪ್ ಬದಲು ಹಿಂಭಾಗ ಅಗಲವಾಗಿ ಅಂಗೈಗೆ ಆನಿಕೆ ಕೊಡುವ ಗ್ರಿಪ್ ಸಿಕ್ಕರೆ ಇನ್ನೂ ಒಳ್ಳೆಯದು. ಬಲಗಡೆ ಒಂದು ಕನ್ನಡಿ ಬೇಕೇ ಬೇಕು. ನೀವು ಬರುವ ಹೊತ್ತಿಗೆ ಹುಮನಾಬಾದ್ ಕಡೆ ಕಬ್ಬಿನ ಟ್ರ್ಯಾಕ್ಟರ್ ಶುರುವಾಗಿರುತ್ತವೆ. ರಸ್ತೆಗಿಂತ ಅಗಲ ಹೇರಿರುತ್ತಾರೆ, ಹಿಂದೆ ದೀಪ ಇರುವುದೇ ಅಪರೂಪ.

ಗಾಳಿಯ ಮಾತೂ ಹೇಳಿಬಿಡುತ್ತೇನೆ. ಬೀದರ್ ನಿಮಗೆ ಈಶಾನ್ಯಕ್ಕೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೆನ್ನು ತಳ್ಳುತ್ತದೆ, ವಾಪಸ್ ಬರುವಾಗ ಎದೆಗೆ ಹೊಡೆಯುತ್ತದೆ. ದೀಪಾವಳಿ ಆದ ಮೇಲೆ ಇದು ಉಲ್ಟಾ, ಮೂಡಣ ಗಾಳಿ. ಬೀದರ್‌ಗೆ ಬರುವಾಗ ಎದುರುಗಾಳಿ, ಜೊತೆಗೆ ಬೀದರ್ ಕಲಬುರಗಿಗಿಂತ ಎತ್ತರದಲ್ಲಿದೆ. ಹಾಗಾಗಿ ಕಷ್ಟದ ಪಾಲು ಮೊದಲು, ಸುಖದ್ದು ಆಮೇಲೆ. ಸಣ್ಣ ಗೇರಿನಲ್ಲಿ ನಿಮಿಷಕ್ಕೆ 70-80 ಸುತ್ತು ಕಾಲು ಆಡಿಸಿ, ದೊಡ್ಡ ಗೇರ್ ಹಾಕಿ ಒದ್ದಾಡಬೇಡಿ. 200 ಕಿ.ಮೀ ಬ್ರೆವೆ ಸವಾರಿಗೇ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) 13 ತಾಸು 30 ನಿಮಿಷ ಕೊಡುತ್ತಾರೆ, ಅಂದರೆ ಊಟ ಚಹಾ ಸೇರಿ ತಾಸಿಗೆ ಸುಮಾರು 15 ಕಿ.ಮೀ. ಆ ಲೆಕ್ಕಕ್ಕೆ ಬೆಳಗ್ಗೆ ಐದೂವರೆಗೆ ಬಿಟ್ಟರೆ ಒಂದು ಗಂಟೆಗೆ ಬೀದರ್‌ನಲ್ಲಿ ಊಟ. ವಾಪಸ್ ರೈಲಿನಲ್ಲಿ ಹೋಗುವುದಾದರೆ ಸೈಕಲ್ ಹೇರಲು ಬಿಡುತ್ತಾರಾ ಅಂತ ಸ್ಟೇಷನ್‌ನಲ್ಲಿ ಮೊದಲೇ ಕೇಳಿಕೊಳ್ಳಿ.

ಭೀಮಾ ತೀರ, ಯಾದಗಿರಿ

ಮುಳ್ಳಿನ ಬಗ್ಗೆ ಯಾರೂ ಹೇಳಲಿಲ್ಲ! ನಮ್ಮ ಕಡೆ ರಸ್ತೆ ಅಂಚೆಲ್ಲ ಬಳ್ಳಾರಿ ಜಾಲಿ. ನುಣುಪು ಟೈರು ತೆಳ್ಳಗಿರುತ್ತದೆ, ಸೀದಾ ಒಳಗೆ ಹೋಗುತ್ತದೆ. ನಾನು ಹಳೆ ಟ್ಯೂಬಿನ ವಾಲ್ವ್ ಕತ್ತರಿಸಿ, ಉದ್ದಕ್ಕೆ ಸೀಳಿ, ಟೈರಿನ ಒಳಗೆ ಹಾಸಿದ್ದೇನೆ. ಭಾರ ಸ್ವಲ್ಪ ಜಾಸ್ತಿ, ಆದರೆ ಪಂಕ್ಚರ್ ಕಮ್ಮಿಯಾಗಿದೆ. ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆ ಎಳೆ ಸಿಕ್ಕಿಕೊಂಡಲ್ಲಿ ಇರುತ್ತದೆ. ಬರಿ ಬೆರಳಿನಲ್ಲಿ ಹುಡುಕಿದರೆ ಬೆರಳಿಗೇ ಚುಚ್ಚುತ್ತದೆ. ರಸ್ತೆ ಮೇಲೆ ರಾಶಿ ಮಾಡಲು ಬೆಳೆ ಹಾಸಿರುತ್ತಾರಲ್ಲ, ಅದರ ಮೇಲೆ ಬ್ರೇಕ್ ಹಾಕಬೇಡಿ, ಜಾರುತ್ತದೆ.

ಅಪ್ಪನ ಅಟ್ಲಾಸ್, ಸೇಡಂ

ಬಿಸಿಲಿಗೆ ಹವಾ ಹಿಗ್ಗಿ ಟೈರು ಸಿಡಿಯುತ್ತೆ ಅಂತಾರಲ್ಲ, ಬೇಸಿಗೆಯಲ್ಲಿ ಕಮ್ಮಿ ಹಾಕಬೇಕಾ?

ಕೋಟೆ ಗಾಳಿ, ಬೀದರ್

60 ಪಿಎಸ್ಐ ಇದ್ದದ್ದು 20 ಡಿಗ್ರಿ ಬಿಸಿ ಏರಿದರೆ ಸುಮಾರು 65 ಆಗುತ್ತದೆ, ಅಷ್ಟೇ. ಗಟ್ಟಿ ಟೈರು ಅದಕ್ಕೆ ಸಿಡಿಯುವುದಿಲ್ಲ. ಸಿಡಿಯುವುದು ಪಕ್ಕ ಬಿರುಕು ಬಿಟ್ಟ ಹಳೆ ಟೈರು, ಇಲ್ಲ ರಿಮ್ ಟೇಪ್ ಸರಿದು ಕಡ್ಡಿಯ ತಲೆ ಟ್ಯೂಬಿಗೆ ತಾಗಿದಾಗ. ಬಿಸಿಲಿಗೆ ಹಾಳಾಗುವುದು ಪಂಕ್ಚರ್ ಸಲ್ಯೂಷನ್. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ಒಣಗಿ ಹೋಗಿರುತ್ತದೆ, ಹೊರಡುವ ಮೊದಲು ಒತ್ತಿ ನೋಡಿ.

ಬಿಸಿಲೂರ ಸವಾರ, ಕಲಬುರಗಿ

ಹ್ಯಾಂಡಲ್ ಎತ್ತಿದೆ, ಬಾರ್ ಎಂಡ್ ಬಂತು, ಹಳೆ ಟ್ಯೂಬ್ ಸೀಳಿ ಹಾಸಿದ್ದೂ ಆಯಿತು. ಇನ್ನೂ ಸಾವಿರ ಚಿಲ್ಲರೆ ಉಳಿದಿದೆ. ಮಿಸ್ತ್ರಿ ಅಣ್ಣಾ, ಹಿಂದಿನ ಗಾಲಿ ತಿರುಗುವಾಗ ಒಂದು ಕಡೆ ಓಲಾಡುತ್ತಿದೆ. ಬೆಂಡ್ ತೆಗೆಸಿದರೂ ಎರಡೇ ದಿನಕ್ಕೆ ಮತ್ತೆ ಅದೇ.

ಗಾಲಿ ಮಿಸ್ತ್ರಿ, ಶಹಾಬಾದ್

ಅದು ರಿಮ್ಮಿನ ಬೆಂಡ್ ಅಲ್ಲ ಅನಿಸುತ್ತದೆ. ನಿನ್ನದು ಥ್ರೆಡ್ ಫ್ರೀವೀಲ್ ಥರದ 7 ಗೇರು. ಅದರಲ್ಲಿ ಬೇರಿಂಗು ಹಬ್ಬಿನ ಒಳಗೇ ನಿಲ್ಲುತ್ತದೆ, ಬಲಗಡೆ ಆಕ್ಸಲ್ ಬಹಳ ಉದ್ದ ಆಧಾರ ಇಲ್ಲದೆ ಚಾಚಿರುತ್ತದೆ. ಭಾರಕ್ಕೆ ಬಾಗುತ್ತದೆ. ಗಾಲಿ ಬಿಚ್ಚಿ ಆಕ್ಸಲ್ ಕೈಯಲ್ಲಿ ತಿರುಗಿಸಿ ನೋಡು. ತುದಿ ಸುತ್ತು ಹೊಡೆದರೆ ಬಾಗಿದೆ. ಹೊಸ ಆಕ್ಸಲ್, ಕೋನು, ಗುಂಡು, ಗ್ರೀಸು ಎಲ್ಲ ಸೇರಿ ನಿನ್ನ ಉಳಿದ ದುಡ್ಡಿನೊಳಗೇ ಆಗುತ್ತದೆ. ಬೀದರ್‌ಗೆ ಹಿಂದೆ ಬ್ಯಾಗ್ ಹೇರಿಕೊಂಡು ಹೋಗುವ ಮೊದಲು ಮಾಡಿಸಲೇಬೇಕು.

ಬಿಸಿಲೂರ ಸವಾರ, ಕಲಬುರಗಿ

ತಿರುಗಿಸಿ ನೋಡಿದೆ. ತುದಿ ಸುತ್ತು ಹೊಡೆಯುತ್ತಿದೆ ಅಣ್ಣಾ. ಫ್ರೀವೀಲ್ ಬಿಚ್ಚುವ ಪುಲ್ಲರ್ ಇಲ್ಲಿ ಕೇಳಿದ ಕಡೆ ಇಲ್ಲ ಅಂತಿದ್ದಾರೆ.

ಗಾಲಿ ಮಿಸ್ತ್ರಿ, ಶಹಾಬಾದ್

ನನ್ನ ಹತ್ತಿರ ಇದೆ. ಭಾನುವಾರ ಬೆಳಗ್ಗೆ ಬಾ. ಸೈಕಲ್ ಬೇಡ, ಹಿಂದಿನ ಗಾಲಿ ಒಂದೇ ತಾ. ಟೈರು ಬಿಚ್ಚಬೇಡ, ಹಿಡಿದು ತಿರುಗಿಸೋಕೆ ಅದೇ ಅನುಕೂಲ.